ಗರ್ಭಕಂಠದ ತಪಾಸಣೆಯಿಂದ ಚಿಕಿತ್ಸೆಯವರೆಗೆ: ಕೊಡಗಿನ ಒಬ್ಬ ಎಸ್ಟೇಟ್ ನೌಕರಳ ಅನುಭವ

ಕಳೆದ ವಾರ ನನ್ನ ಕೊನೆಯ ವರದಿ ಕೈಸೇರಿತು. ಗರ್ಭಕಂಠದಿಂದ (ಗರ್ಭಕೋಶದ ಬಾಯಿಯಿಂದ) ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಇಲ್ಲ, ಅದರ ಅಂಚುಗಳಲ್ಲಿ ದೋಷವಿರುವ ಜೀವಕೋಶಗಳು ಉಳಿದಿಲ್ಲ, ಹನ್ನೆರಡು ತಿಂಗಳ ನಂತರ ಮರುತಪಾಸಣೆಗೆ ಬರಬೇಕು ಎಂಬುದು ಅದರ ಸಾರಾಂಶ. ಕಾಫಿ ಕೊಯ್ಲಿನ ನಡುವೆ ಆರಂಭವಾದ ಈ ಓಡಾಟ ಮುಗಿಯುವಾಗ ಮುಂಗಾರು ಹಿಡಿದುಕೊಂಡಿತ್ತು. ಈ ತಿಂಗಳುಗಳಲ್ಲಿ ನನ್ನನ್ನು ಅತಿ ಹೆಚ್ಚು ಬಳಲಿಸಿದ್ದು ಮುಂದೆ ಎಲ್ಲಿಗೆ ಹೋಗಬೇಕು, ಏನು ತೆಗೆದುಕೊಂಡು ಹೋಗಬೇಕು, ಎಷ್ಟು ಕಾಯಬೇಕು ಎಂದು ತಿಳಿಯದ ಸ್ಥಿತಿ. ತಪಾಸಣೆ ಐದು ನಿಮಿಷದ ಕೆಲಸ. ಆದರೆ ತಪಾಸಣೆಗೂ ಬಯಾಪ್ಸಿಗೂ (ತುಣುಕು ತೆಗೆದು ಮಾಡುವ ಪರೀಕ್ಷೆಗೂ) ನಡುವೆ, ಬಯಾಪ್ಸಿಗೂ ಚಿಕಿತ್ಸೆಗೂ ನಡುವೆ ಇರುವ ಅಂತರದಲ್ಲಿ ಎಷ್ಟೋ ಹೆಂಗಸರು ಅರ್ಧಕ್ಕೇ ನಿಂತುಬಿಡುತ್ತಾರೆ. ನನ್ನ ನಂತರ ಈ ದಾರಿಯಲ್ಲಿ ಹೋಗುವವರು ಹಾಗೆ ನಿಲ್ಲಬಾರದು ಎಂಬ ಒಂದೇ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಗಳ, ವೈದ್ಯರ ಹೆಸರುಗಳನ್ನು ಬರೆಯುವುದಿಲ್ಲ.

ನಾನು ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಕಚೇರಿಯಲ್ಲಿ ಹಾಜರಿ ಮತ್ತು ಸಂಬಳದ ಲೆಕ್ಕ ಬರೆಯುತ್ತೇನೆ. ವಯಸ್ಸು ನಲವತ್ತು ದಾಟಿದೆ, ಇಬ್ಬರು ಮಕ್ಕಳಿದ್ದಾರೆ. ಜನವರಿಯಲ್ಲಿ ನಮ್ಮ ಭಾಗದ ಆಶಾ ಕಾರ್ಯಕರ್ತೆ ಕಚೇರಿಗೆ ಬಂದು, ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಮೂವತ್ತು ವರ್ಷ ದಾಟಿದವರಿಗೆ ರಕ್ತದೊತ್ತಡ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕಂಠದ ತಪಾಸಣೆ ಮಾಡುತ್ತಾರೆ, ಲೈನ್ ಮನೆಯ, ಅಂದರೆ ಕಾರ್ಮಿಕರ ಸಾಲುಮನೆಯ, ಹೆಂಗಸರನ್ನು ಕಳುಹಿಸಿಕೊಡಬೇಕು ಎಂದು ಕೇಳಿದರು. ಕೊಯ್ಲಿನ ಸಮಯದಲ್ಲಿ ಹಣ್ಣಿನ ತೂಕದ ಮೇಲೆ ಕೂಲಿ ಸಿಗುವುದರಿಂದ ಒಂದು ಬೆಳಗ್ಗೆ ಬಿಡುವುದೆಂದರೆ ಅವರಿಗೆ ದೊಡ್ಡ ನಷ್ಟ. ಮಾಲೀಕರೊಂದಿಗೆ ಮಾತನಾಡಿ ಅರ್ಧ ದಿನದ ಸಂಬಳ ಕಡಿತವಾಗದಂತೆ ಒಪ್ಪಿಸಿದ ಮೇಲೆ ಕೆಲವರು ಹೊರಟರು. ಎಲ್ಲರೂ ಮೊದಲು ಕೇಳಿದ್ದು, "ಅಕ್ಕ, ನೀವು ಮಾಡಿಸಿಕೊಳ್ಳುತ್ತೀರಾ?" ಎಂದು. ನನಗೆ ಬಿಳಿಮುಟ್ಟಾಗಲಿ, ನಡುವೆ ರಕ್ತಸ್ರಾವವಾಗಲಿ, ನೋವಾಗಲಿ ಇರಲಿಲ್ಲ. ಅವರೊಂದಿಗೆ ನಾನೂ ಸಾಲಿನಲ್ಲಿ ಕುಳಿತೆ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕು. ಗರ್ಭಕಂಠದ ಜೀವಕೋಶಗಳಲ್ಲಿ ಆಗುವ ಆರಂಭದ ಬದಲಾವಣೆಗೆ ಯಾವ ಲಕ್ಷಣವೂ ಇರುವುದಿಲ್ಲ. ಸಂಭೋಗದ ನಂತರ ರಕ್ತ ಕಾಣುವುದು, ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಹೋಗುವುದು, ದುರ್ವಾಸನೆಯ ಸ್ರಾವ ಮುಂತಾದವು ಕಾಣಿಸಿಕೊಳ್ಳುವಾಗ ಕಾಯಿಲೆ ಮುಂದುವರಿದಿರಬಹುದು. ಭಾರತದಲ್ಲಿ 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 1,27,000 ಹೆಂಗಸರಿಗೆ ಈ ಕ್ಯಾನ್ಸರ್ ಹೊಸದಾಗಿ ಬಂದಿದೆ, ಸುಮಾರು 80,000 ಮಂದಿ ಸತ್ತಿದ್ದಾರೆ. ಸ್ತನ ಕ್ಯಾನ್ಸರ್ ಬಿಟ್ಟರೆ ನಮ್ಮ ದೇಶದ ಹೆಂಗಸರಲ್ಲಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಹಾಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನವರ ಪೈಕಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇಕಡಾ 2ಕ್ಕಿಂತಲೂ ಕಡಿಮೆ. ಈ ಅಂಕಿಗಳನ್ನು ನಾನು ಓದಿದ್ದು ನನ್ನ ಫಲಿತಾಂಶ ಬಂದ ಮೇಲೆ. ಮೊದಲೇ ಗೊತ್ತಿದ್ದರೆ ನಮ್ಮ ಲೈನಿನ ಒಬ್ಬರನ್ನೂ ಬಿಡದೆ ಕರೆದೊಯ್ಯುತ್ತಿದ್ದೆ.

ತಪಾಸಣೆಯ ಹೆಸರು ವಿಐಎ. ಮಂಚದ ಮೇಲೆ ಮಂಡಿ ಮಡಚಿ ಮಲಗಿಸಿ, ಸ್ಪೆಕ್ಯುಲಮ್ ಎಂಬ ಉಪಕರಣದಿಂದ ಯೋನಿಯನ್ನು ಸ್ವಲ್ಪ ಅಗಲಿಸಿ, ಶೇಕಡಾ 3ರಿಂದ 5ರಷ್ಟು ಸಾಂದ್ರತೆಯ ಅಸಿಟಿಕ್ ಆಮ್ಲವನ್ನು ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಹಚ್ಚುತ್ತಾರೆ. ಒಂದು ನಿಮಿಷ ಕಾದು ಬೆಳಕಿನಲ್ಲಿ ನೋಡಿದರೆ, ದೋಷವಿರುವ ಭಾಗ ಬೆಳ್ಳಗೆ ಎದ್ದು ಕಾಣುತ್ತದೆ. ಸ್ಪೆಕ್ಯುಲಮ್ ಒಳಗೆ ಹೋಗುವಾಗ ಬಿಗಿತ ಅನ್ನಿಸಿತು, ಆಮ್ಲ ತಾಗಿದಾಗ ಸಣ್ಣ ಉರಿಯಾಯಿತು. ಉಸಿರನ್ನು ಬಾಯಿಯಿಂದ ನಿಧಾನವಾಗಿ ಬಿಡಿ ಎಂದು ಸಿಸ್ಟರ್ ಹೇಳಿಕೊಟ್ಟರು. ಹಾಗೆ ಮಾಡಿದಾಗ ಬಿಗಿತ ಕಡಿಮೆಯಾಯಿತು. ಯಂತ್ರವಾಗಲಿ ಪ್ರಯೋಗಾಲಯವಾಗಲಿ ಬೇಡದ ಈ ಪರೀಕ್ಷೆಯನ್ನು ಮುಂಬಯಿಯ ಬಡಾವಣೆಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದಲೇ ಮಾಡಿಸಿ ಟಾಟಾ ಸ್ಮಾರಕ ಆಸ್ಪತ್ರೆಯವರು ದೀರ್ಘಕಾಲ ಅಧ್ಯಯನ ನಡೆಸಿದ್ದರು. ಈ ಕ್ಯಾನ್ಸರಿನಿಂದ ಆಗುವ ಸಾವು ಶೇಕಡಾ 31ರಷ್ಟು ತಗ್ಗಿತೆಂದು 2013ರಲ್ಲಿ ವರದಿಯಾಯಿತು. ನಮ್ಮಂತಹ ಗುಡ್ಡಗಾಡಿನ ಊರುಗಳಿಗೆ ಹೊಂದುವ ಪರೀಕ್ಷೆ ಇದು ಎಂದು ನನಗೆ ಈಗ ಮನವರಿಕೆಯಾಗಿದೆ.

ಹೋಗುವವರು ಗಮನಿಸಬೇಕಾದದ್ದು ಇಷ್ಟು. ಮುಟ್ಟಿನ ದಿನಗಳಲ್ಲಿ ಈ ಪರೀಕ್ಷೆ ಮಾಡುವುದಿಲ್ಲ. ಹಿಂದಿನ ಒಂದೆರಡು ದಿನ ಸಂಭೋಗ ಬೇಡ, ಯೋನಿಯಲ್ಲಿ ಇಡುವ ಮಾತ್ರೆ ಅಥವಾ ಮುಲಾಮು ಬೇಡ. ಸಡಿಲವಾದ ಸೀರೆ ಅಥವಾ ಲಂಗ ಉಟ್ಟು ಹೋದರೆ ಪೂರ್ತಿ ಬಟ್ಟೆ ತೆಗೆಯುವ ಮುಜುಗರ ತಪ್ಪುತ್ತದೆ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲೇ ಹೇಳಬೇಕು. ಮುಟ್ಟು ನಿಂತು ವರ್ಷಗಳಾದವರಲ್ಲಿ ನೋಡಬೇಕಾದ ಭಾಗ ಒಳಕ್ಕೆ ಸರಿದಿರುವುದರಿಂದ ವಿಐಎ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅವರು ಎಚ್‌ಪಿವಿ ಪರೀಕ್ಷೆ (ಈ ಕಾಯಿಲೆಗೆ ಕಾರಣವಾದ ವೈರಾಣುವನ್ನು ಹುಡುಕುವುದು) ಅಥವಾ ಪ್ಯಾಪ್ ಪರೀಕ್ಷೆ (ಗರ್ಭಕಂಠದ ಜೀವಕೋಶಗಳನ್ನು ಸವರಿ ತೆಗೆದು ನೋಡುವುದು) ಎಲ್ಲಿ ಸಿಗುತ್ತದೆ ಎಂದು ಕೇಳುವುದು ಒಳ್ಳೆಯದು.

ಆ ದಿನ ನಮ್ಮ ತೋಟದಿಂದ ಹೋದವರಲ್ಲಿ ನನ್ನದೂ ಸೇರಿ ಮೂವರ ಚೀಟಿಯಲ್ಲಿ ಪಾಸಿಟಿವ್ ಎಂದು ಬರೆದರು. ಆ ಪದ ಕೇಳಿದ ಕೂಡಲೇ ನನ್ನ ಕೈಕಾಲು ತಣ್ಣಗಾದವು. ಮಕ್ಕಳ ಮುಖ ಕಣ್ಣಮುಂದೆ ಬಂತು, ಚಿಕಿತ್ಸೆಗೆ ಹಣ ಎಲ್ಲಿಂದ ಎಂಬ ಯೋಚನೆ ಬಂತು. ಅಲ್ಲಿದ್ದ ಸಮುದಾಯ ಆರೋಗ್ಯ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿ, "ಇದು ಕ್ಯಾನ್ಸರ್ ಎಂದು ಹೇಳುವ ಪರೀಕ್ಷೆ ಅಲ್ಲಕ್ಕ, ಇನ್ನೂ ಚೆನ್ನಾಗಿ ನೋಡಬೇಕು ಎಂದು ಹೇಳುವ ಪರೀಕ್ಷೆ. ಸೋಂಕು, ಊತ ಇದ್ದರೂ ಬೆಳ್ಳಗೆ ಕಾಣಬಹುದು" ಎಂದು ತಾಳ್ಮೆಯಿಂದ ವಿವರಿಸಿದರು. ಆ ಹುಡುಗಿ ಅಂದು ಕೊಟ್ಟ ಆ ಸಮಯಕ್ಕೆ ನಾನು ಎಂದೆಂದಿಗೂ ಋಣಿ. ಅವರು ಹೇಳಿದ ಇನ್ನೊಂದು ವಿಷಯವನ್ನು ಹಾಗೆಯೇ ದಾಟಿಸುತ್ತೇನೆ: ಈ ಬದಲಾವಣೆಗಳು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷ ಹಿಡಿಯುತ್ತದೆ, ಆದ್ದರಿಂದ ಕೆಲವು ವಾರಗಳಲ್ಲಿ ಏನೂ ಕೈಮೀರುವುದಿಲ್ಲ, ಆದರೆ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯುವಂತೆಯೂ ಇಲ್ಲ.

ಮನೆಯಲ್ಲಿ ಹೇಳುವುದು ಪರೀಕ್ಷೆಗಿಂತ ಕಷ್ಟವಾಯಿತು. ಗರ್ಭಕಂಠದ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಾಣು, ಅದು ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂದು ತಿಳಿದ ಕೂಡಲೇ ಅತ್ತೆಯವರ ಮುಖ ಬದಲಾಯಿತು. ಪತಿಯೂ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ಒಳಗೊಳಗೇ ಸಂಶಯಿಸಿದೆವು ಎಂದು ಬರೆಯಲು ಸಂಕೋಚವಾಗುತ್ತದೆ, ಆದರೆ ಬೇರೆ ಮನೆಗಳಲ್ಲೂ ಹೀಗೇ ಆಗುವುದರಿಂದ ಬರೆಯಲೇಬೇಕು. ಮುಂದೆ ಕಾಲ್ಪೋಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿಸಿ ನೋಡುವ ಪರೀಕ್ಷೆ) ಮಾಡಿದ ವೈದ್ಯೆ ಇಬ್ಬರನ್ನೂ ಕೂರಿಸಿ ವಿವರಿಸಿದ ಮೇಲೆ ಈ ಗಂಟು ಬಿಚ್ಚಿಕೊಂಡಿತು. ದಾಂಪತ್ಯ ನಡೆಸುವವರಲ್ಲಿ ಬಹುಪಾಲು ಜನರಿಗೆ, ಗಂಡಸರಿಗೂ ಹೆಂಗಸರಿಗೂ, ಜೀವನದಲ್ಲಿ ಯಾವಾಗಲಾದರೂ ಈ ವೈರಾಣು ತಗುಲುತ್ತದೆ. ಹೆಚ್ಚಿನವರ ದೇಹ ಒಂದೆರಡು ವರ್ಷಗಳಲ್ಲಿ ಅದನ್ನು ತಾನೇ ತೊಲಗಿಸುತ್ತದೆ. ಕೆಲವರಲ್ಲಿ ಮಾತ್ರ, ಅದರಲ್ಲೂ 16 ಮತ್ತು 18ನೆಯ ಬಗೆಗಳು, ವರ್ಷಗಟ್ಟಲೆ ಉಳಿದು ಜೀವಕೋಶಗಳನ್ನು ಕೆಡಿಸುತ್ತವೆ. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಇದನ್ನು ಯಾರ ನಡತೆಗೂ ಸಾಕ್ಷಿಯಾಗಿ ಹಿಡಿಯಲು ಬರುವುದಿಲ್ಲ. ಪತಿಗೆ ಪರೀಕ್ಷೆ ಬೇಕೇ ಎಂದು ಕೇಳಿದೆವು, ಗಂಡಸರಿಗೆ ವಾಡಿಕೆಯಲ್ಲಿ ಅಂತಹ ತಪಾಸಣೆ ಇಲ್ಲ ಎಂದರು. ಸಾಧ್ಯವಿದ್ದರೆ ಮೊದಲ ಭೇಟಿಗೇ ಗಂಡನನ್ನು ಕರೆದುಕೊಂಡು ಹೋಗಿ ವೈದ್ಯರ ಬಾಯಿಂದಲೇ ಕೇಳಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮೂವರಲ್ಲಿ ಒಬ್ಬರಿಗೆ ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಮುಗಿಯಿತು. ಅವರ ಬಿಳಿಯ ಭಾಗ ಚಿಕ್ಕದಾಗಿ, ಪೂರ್ತಿಯಾಗಿ ಕಣ್ಣಿಗೆ ಕಾಣುವಂತೆ ಇದ್ದುದರಿಂದ, ಬಿಸಿಮಾಡಿದ ಸಲಾಕೆಯಂತಹ ಉಪಕರಣವನ್ನು ಗರ್ಭಕಂಠಕ್ಕೆ ಅರ್ಧ ನಿಮಿಷದಷ್ಟು ತಾಗಿಸಿ ಆ ಜೀವಕೋಶಗಳನ್ನು ನಾಶಮಾಡುವ ಥರ್ಮಲ್ ಅಬ್ಲೇಶನ್ ಎಂಬ ವಿಧಾನ ಸಾಕಾಯಿತು. ನನ್ನದು ಗರ್ಭಕಂಠದ ಒಳದಾರಿಯವರೆಗೂ ಹೋಗಿದ್ದರಿಂದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮೂರನೆಯವರು ಅಸ್ಸಾಮಿನಿಂದ ಬಂದ ಕಾರ್ಮಿಕ ಮಹಿಳೆ. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ದೊಡ್ಡ ಆಸ್ಪತ್ರೆಗೆ ಹೋಗುವುದೇ ಮೊದಲ ತೊಡಕು. ಕೊಡಗಿಗೆ ರೈಲು ಇಲ್ಲ, ತೋಟದಿಂದ ಮುಖ್ಯರಸ್ತೆಗೆ ಬರಬೇಕಾದರೆ ಬೆಳಗಿನ ಜಾವ ಆನೆಯ ಭಯ. ಹೊರರೋಗಿ ಚೀಟಿಯ ಸಾಲಿನಲ್ಲಿ ಮುಂದೆ ನಿಲ್ಲಬೇಕಾದರೆ ಆರೂವರೆಯ ಬಸ್ಸು ಹಿಡಿಯಬೇಕು, ಆರೂವರೆಗೆ ತೋಟದ ರಸ್ತೆಯಲ್ಲಿ ಒಬ್ಬಳೇ ನಡೆಯುವಂತಿಲ್ಲ. ಹಾಗಾಗಿ ಮುಖ್ಯರಸ್ತೆಯವರೆಗೆ ಜೀಪಿಗೆ ಹಣ ಕೊಡಬೇಕಾಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತ, ಆದರೆ ನಮ್ಮ ಒಳರಸ್ತೆಗಳಲ್ಲಿ ಓಡುವ ಹಲವು ಬಸ್ಸುಗಳು ಖಾಸಗಿಯವು. ಹೊರಡುವ ಮೊದಲು ಯಾವ ಹೊತ್ತಿಗೆ ಸರ್ಕಾರಿ ಬಸ್ಸು ಇದೆ ಎಂದು ವಿಚಾರಿಸಿಕೊಂಡರೆ ದುಡ್ಡು ಉಳಿಯುತ್ತದೆ. ಗುರುತಿನ ಚೀಟಿ ಕೈಯಲ್ಲಿರಬೇಕು.

ಎರಡನೆಯ ತೊಡಕು ಕಾಗದದ್ದು. ನಮ್ಮ ಕಡೆ ಮದುವೆಯಾದ ಮೇಲೆ ಹೆಣ್ಣಿನ ಮನೆತನದ ಹೆಸರು ಬದಲಾಗುತ್ತದೆ. ನನ್ನ ಆಧಾರ್‌ನಲ್ಲಿ ಗಂಡನ ಮನೆತನದ ಹೆಸರಿದೆ, ಪಡಿತರ ಚೀಟಿಯಲ್ಲಿ ತವರಿನ ಹೆಸರಿನ ಮೊದಲಕ್ಷರವೇ ಉಳಿದುಕೊಂಡಿತ್ತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರಿನಲ್ಲಿ ಇವೆರಡೂ ತಾಳೆಯಾಗಲಿಲ್ಲ ಎಂದು ಹಿಂದಕ್ಕೆ ಕಳುಹಿಸಿದರು. ಸರಿಪಡಿಸಲು ಮದುವೆಯ ನೋಂದಣಿ ಪತ್ರ ಕೇಳಿದರು. ನಮ್ಮ ಕಾಲದಲ್ಲಿ ಮದುವೆ ನೋಂದಣಿ ಮಾಡಿಸಿದವರು ಕಡಿಮೆ, ನಮ್ಮದೂ ಆಗಿರಲಿಲ್ಲ. ತಿದ್ದುಪಡಿಗೆ ವಾರಗಳೇ ಹಿಡಿದವು. ಆದ್ದರಿಂದ, ಕಾಯಿಲೆ ಇರಲಿ ಬಿಡಲಿ, ಮನೆಯ ಹೆಂಗಸರ ಆಧಾರ್ ಮತ್ತು ಪಡಿತರ ಚೀಟಿಯ ಹೆಸರುಗಳು ಒಂದೇ ಆಗಿವೆಯೇ ಎಂದು ಇವತ್ತೇ ನೋಡಿಕೊಳ್ಳಿ. ಬಿಪಿಎಲ್ ಚೀಟಿ ಇರುವ ಕುಟುಂಬಕ್ಕೆ ಈ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಸಿಗುತ್ತದೆ; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ವೆಚ್ಚದಲ್ಲಿ ಶೇಕಡಾ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದರ ಮಿತಿ ವರ್ಷಕ್ಕೆ 1.5 ಲಕ್ಷ. ತುರ್ತು ಪರಿಸ್ಥಿತಿ ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ; ನಿಮಗೆ ಬರೆದುಕೊಟ್ಟ ಚಿಕಿತ್ಸೆ ಯೋಜನೆಯೊಳಗೆ ಬರುತ್ತದೆಯೇ ಎಂದು ಹಣ ಕಟ್ಟುವ ಮೊದಲು ಅವರನ್ನೇ ಕೇಳಬೇಕು, ಕಟ್ಟಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಕಾಲ್ಪೋಸ್ಕೋಪಿ, ಕಾಫಿ ಅರಳಿಸುವ ಹೂಮಳೆ ಬಿದ್ದ ವಾರದಲ್ಲಿ ಆಯಿತು. ದಿನ ನಿಗದಿಯಾದ ಮೇಲೆ ಮುಟ್ಟು ಮುಂಚೆಯೇ ಬಂದು ಒಮ್ಮೆ ಮುಂದೂಡಬೇಕಾಯಿತು. ಮುಟ್ಟಿನ ದಿನಗಳು ಮುಗಿದ ಮರುವಾರ ಅನುಕೂಲ ಎನ್ನುತ್ತಾರೆ. ದಿನ ಕೇಳುವಾಗ ನಿಮ್ಮ ತಿಂಗಳ ಲೆಕ್ಕವನ್ನೂ ಹೇಳಿ. ವಿಧಾನ ವಿಐಎಯಂತೆಯೇ, ಆದರೆ ಹೊರಗೆ ನಿಲ್ಲಿಸಿದ ಭೂತಗನ್ನಡಿಯ ಉಪಕರಣದಿಂದ ಗರ್ಭಕಂಠವನ್ನು ದೊಡ್ಡದಾಗಿಸಿ ನೋಡುತ್ತಾರೆ, ಆಮ್ಲದ ಜೊತೆಗೆ ಅಯೋಡಿನ್ ದ್ರಾವಣವನ್ನೂ ಹಚ್ಚುತ್ತಾರೆ. ಬೆಳ್ಳಗಿರುವ ಜಾಗದಿಂದ ಅಕ್ಕಿಕಾಳಿನಷ್ಟು ತುಣುಕನ್ನು ಬಯಾಪ್ಸಿಗೆ ತೆಗೆದಾಗ ಚಿವುಟಿದಂತೆ ನೋವಾಯಿತು, ಆಮೇಲೆ ಮುಟ್ಟಿನ ಹೊಟ್ಟೆನೋವಿನಂತಹ ಸೆಳೆತ ಸಂಜೆಯವರೆಗೂ ಇತ್ತು. ಪ್ಯಾಡ್ ತೆಗೆದುಕೊಂಡು ಹೋಗಿ. ಒಂದೆರಡು ದಿನ ಕಂದುಬಣ್ಣದ ಸ್ರಾವ ಇರುತ್ತದೆ, ಅಯೋಡಿನ್‌ನಿಂದ ಬಟ್ಟೆ ಕಲೆಯಾಗುತ್ತದೆ. ಅಂದೇ ಹಿಮೋಗ್ಲೋಬಿನ್, ಸಕ್ಕರೆ, ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆಗೆ ರಕ್ತ ಕೊಟ್ಟೆ. ಎಚ್‌ಐವಿ ಎಂದ ಕೂಡಲೇ ಕೆಲವರು ಬೆಚ್ಚಿ ಹಿಂದಿರುಗುವುದನ್ನು ಅಲ್ಲೇ ಕಂಡೆ. ಈ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಪಡೆಯಬೇಕು, ಫಲಿತಾಂಶವನ್ನು ಗುಟ್ಟಾಗಿ ಇಡಬೇಕು ಎಂದು 2017ರ ಕಾಯ್ದೆಯೇ ಹೇಳುತ್ತದೆ. ಎಚ್‌ಐವಿ ಇರುವವರಲ್ಲಿ ಗರ್ಭಕಂಠದ ಕ್ಯಾನ್ಸರಿನ ಅಪಾಯ ಸುಮಾರು ಆರು ಪಟ್ಟು ಹೆಚ್ಚು, ಬದಲಾವಣೆಗಳೂ ಬೇಗ ಮುಂದುವರಿಯುತ್ತವೆ. ಆದ್ದರಿಂದಲೇ ಅದು ವೈದ್ಯರಿಗೆ ತಿಳಿದಿರಬೇಕು.

ಆಮೇಲೆ ಬಂದದ್ದು ಈ ಇಡೀ ಕಾಲದ ಅತ್ಯಂತ ಕಠಿಣ ಭಾಗ, ವರದಿಗಾಗಿ ಕಾಯುವುದು. ತುಣುಕನ್ನು ಪರೀಕ್ಷೆಗೆ ಹೊರಗೆ ಕಳುಹಿಸುತ್ತಾರೆ, ಎರಡು ವಾರದಲ್ಲಿ ಬರುತ್ತದೆ ಎಂದಿದ್ದರು. ಬರಲಿಲ್ಲ. ದೂರವಾಣಿ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ, ಹೋಗಿ ಕೇಳಿದರೆ ಇನ್ನೊಂದು ಕೊಠಡಿಗೆ ಕಳುಹಿಸುತ್ತಿದ್ದರು. ಕೊನೆಗೆ ಬಯಾಪ್ಸಿಯ ಡಬ್ಬಿಯ ಮೇಲೆ ಬರೆದ ಪ್ರಯೋಗಾಲಯ ಸಂಖ್ಯೆ ಇದ್ದರೆ ಹುಡುಕಬಹುದು ಎಂದರು. ಆ ಸಂಖ್ಯೆಯನ್ನು ನನ್ನ ಚೀಟಿಯಲ್ಲಿ ಯಾರೂ ಬರೆದಿರಲಿಲ್ಲ. ಬಯಾಪ್ಸಿ ಆದ ದಿನವೇ ಆ ಸಂಖ್ಯೆಯನ್ನು ಕೇಳಿ ಬರೆಸಿಕೊಳ್ಳಿ, ವರದಿ ಯಾವ ಕೊಠಡಿಗೆ ಬರುತ್ತದೆ, ಯಾರನ್ನು ಕೇಳಬೇಕು ಎಂಬುದನ್ನೂ ಬರೆಸಿಕೊಳ್ಳಿ, ಎಲ್ಲ ಚೀಟಿಗಳ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಸಂಬಳದ ಲೆಕ್ಕ ಬರೆಯುವಾಗ ಅಂಕಿಗಳು ಕಲಸಿಹೋಗುತ್ತಿದ್ದವು. ಆಗ ಆಶಾ ಅಕ್ಕ ದಿನ ಬಿಟ್ಟು ದಿನ ಸಂಜೆ ಮನೆಗೆ ಬಂದು ಕುಳಿತು ಹೋಗುತ್ತಿದ್ದರು, ಕಾಯಿಲೆಯ ವಿಷಯ ಎತ್ತುತ್ತಲೂ ಇರಲಿಲ್ಲ. ಮನಸ್ಸು ತೀರಾ ಕುಸಿದವರು 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈ ಕಾಯುವಿಕೆಯ ನಡುವೆಯೇ ನೆಂಟರೊಬ್ಬರ ಒತ್ತಾಯಕ್ಕೆ ಜಿಲ್ಲೆಯ ಹೊರಗಿನ ಒಂದು ಖಾಸಗಿ ಚಿಕಿತ್ಸಾಲಯಕ್ಕೆ ಹೋದೆವು. ಅಲ್ಲಿ ವಿಐಎ ಚೀಟಿಯನ್ನು ನೋಡಿ, "ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ, ಮುಂದೆ ಚಿಂತೆಯೇ ಇರುವುದಿಲ್ಲ" ಎಂದರು. ಬಯಾಪ್ಸಿ ವರದಿ ಬರಲಿ ಎಂದಾಗ, ತಡಮಾಡಿದರೆ ಹರಡಬಹುದು ಎಂದು ಹೆದರಿಸಿದರು, ಮುಂದಿನ ವಾರಕ್ಕೆ ದಿನವನ್ನೂ ಗೊತ್ತುಮಾಡಿದರು. ಅತ್ತೆಯವರಿಗೆ ಅದೇ ಸರಿ ಎನ್ನಿಸಿತು, ನನಗೂ ಕ್ಷಣಕಾಲ ಹಾಗೇ ಅನ್ನಿಸಿತು, ಏಕೆಂದರೆ ಭಯದಲ್ಲಿರುವವರಿಗೆ ಒಂದೇ ಏಟಿಗೆ ಮುಗಿಸುವ ಮಾತು ಹಿತವಾಗಿ ಕೇಳಿಸುತ್ತದೆ. ಮನೆಗೆ ಬಂದು 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿದೆ, ಕಾಲ್ಪೋಸ್ಕೋಪಿ ಮಾಡಿದ ವೈದ್ಯೆಯನ್ನೂ ಮತ್ತೆ ಹೋಗಿ ಕಂಡೆ. ಅವರು ಸ್ಪಷ್ಟವಾಗಿ ಹೇಳಿದರು: ಕ್ಯಾನ್ಸರಿನ ಮುಂಚಿನ ಹಂತಕ್ಕೆ ಗರ್ಭಕೋಶ ತೆಗೆಯುವುದು ಮೊದಲ ಚಿಕಿತ್ಸೆಯಲ್ಲ, ಒಳಗೆ ಕ್ಯಾನ್ಸರ್ ಇದ್ದರೆ ಸಾಮಾನ್ಯ ಶಸ್ತ್ರಚಿಕಿತ್ಸೆಯಿಂದ ಗರ್ಭಕೋಶ ತೆಗೆದುಬಿಡುವುದು ಮುಂದಿನ ಚಿಕಿತ್ಸೆಯನ್ನೇ ಕಷ್ಟಮಾಡುತ್ತದೆ, ಎರಡೂ ಸಂದರ್ಭದಲ್ಲಿ ಬಯಾಪ್ಸಿ ಮೊದಲು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಬಯಾಪ್ಸಿ ವರದಿ ಕೈಯಲ್ಲಿಲ್ಲದೆ ಯಾರಾದರೂ ಗರ್ಭಕೋಶ ತೆಗೆಸಿ ಎಂದರೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಡಿ, ಇನ್ನೊಬ್ಬ ವೈದ್ಯರನ್ನು ಕಾಣಿ. ಬೇರೆ ಎಲ್ಲವನ್ನು ಮರೆತರೂ ಇದೊಂದನ್ನು ಮರೆಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ವರದಿ ಬಂತು: ಸಿಐಎನ್ 3. ಸಿಐಎನ್ ಎನ್ನುವುದು ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆ. 1 ಎಂದರೆ ಹೆಚ್ಚಿನವರಲ್ಲಿ ತಾನಾಗಿಯೇ ಸರಿಹೋಗುವಂಥದ್ದು, 2 ಮತ್ತು 3ಕ್ಕೆ ಚಿಕಿತ್ಸೆ ಬೇಕು. ನನಗೆ ಲೀಪ್ ಎಂಬ ಚಿಕಿತ್ಸೆ ಎಂದು ನಿರ್ಧಾರವಾಯಿತು. ಅದನ್ನು ಮಾಡುವ ಯಂತ್ರ ಕೆಟ್ಟಿದೆ ಎಂಬ ಕಾರಣಕ್ಕೆ ಒಂದು ದಿನ ಬರಿಗೈಯಲ್ಲಿ ಹಿಂದಿರುಗಿದೆ, ಅಷ್ಟರಲ್ಲಿ ಮಳೆ ಶುರುವಾಯಿತು. ಮೈಸೂರಿಗೆ ಹೋಗುವುದೇ ಎಂದು ಯೋಚಿಸಿದೆವು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಹೋಗಿ ಬರುವುದು, ಉಳಿದುಕೊಳ್ಳುವುದು ಎಲ್ಲ ಸೇರಿದರೆ ಖರ್ಚು ಕೈಮೀರುತ್ತಿತ್ತು. ಅಷ್ಟರಲ್ಲಿ ಯಂತ್ರ ಸರಿಯಾಯಿತೆಂದು ಸಿಸ್ಟರ್ ತಾವೇ ಕರೆ ಮಾಡಿದರು. ಹೊರಡುವ ಮುನ್ನ ದಿನಾಂಕ ಖಚಿತಪಡಿಸಿಕೊಳ್ಳಲು ವಾರ್ಡಿನ ಒಬ್ಬರ ಸಂಖ್ಯೆಯನ್ನಾದರೂ ಪಡೆದಿರಬೇಕು, ಮಳೆಗಾಲದಲ್ಲಂತೂ ರಸ್ತೆಯ ಸ್ಥಿತಿಯನ್ನೂ ಕೇಳಿಕೊಂಡೇ ಹೊರಡಬೇಕು.

ಲೀಪ್ ಬಗ್ಗೆ ನಾನು ಹೆದರಿದಷ್ಟು ಏನೂ ಆಗಲಿಲ್ಲ. ಗರ್ಭಕಂಠಕ್ಕೆ ಮರವಾಗುವ ಚುಚ್ಚುಮದ್ದು ಕೊಟ್ಟು, ವಿದ್ಯುತ್ ಹರಿಯುವ ತೆಳುವಾದ ತಂತಿಯ ಕುಣಿಕೆಯಿಂದ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಚುಚ್ಚುಮದ್ದಿನ ಕ್ಷಣ ಎದೆ ಡವಗುಟ್ಟಿತು, ಯಂತ್ರದ ಗುಂಯ್ ಶಬ್ದವೂ ಸುಟ್ಟ ವಾಸನೆಯೂ ಕಳವಳ ಹುಟ್ಟಿಸಿದವು, ನೋವು ಮಾತ್ರ ಇರಲಿಲ್ಲ. ಹದಿನೈದು ನಿಮಿಷದೊಳಗೆ ಮುಗಿಯಿತು, ಸಂಜೆ ಮನೆಗೆ ಕಳುಹಿಸಿದರು. ರಕ್ತ ನಿಲ್ಲಿಸಲು ಹಚ್ಚುವ ಔಷಧದಿಂದಾಗಿ ಮುಂದಿನ ದಿನಗಳಲ್ಲಿ ಕಾಫಿಪುಡಿಯ ಚರಟದಂತೆ ಕಪ್ಪಗಿನ ಸ್ರಾವ ಹೋಗುತ್ತದೆ. ಮೊದಲೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ನಾಲ್ಕು ವಾರ ಸಂಭೋಗ ಬೇಡ, ಭಾರ ಎತ್ತುವುದು ಬೇಡ, ಒಳಗೆ ಏನನ್ನೂ ಇಡುವುದು ಬೇಡ, ಕೆರೆ ಹೊಳೆಯಲ್ಲಿ ಮುಳುಗಿ ಸ್ನಾನ ಬೇಡ ಎಂದರು. ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ, ಜ್ವರ, ಕೆಟ್ಟ ವಾಸನೆಯ ಸ್ರಾವ, ತಡೆಯಲಾಗದ ಹೊಟ್ಟೆನೋವು ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇನ್ನೂ ಮಕ್ಕಳು ಬೇಕೆನ್ನುವವರು ಚಿಕಿತ್ಸೆಗೆ ಮೊದಲೇ ಹಾಗೆಂದು ಹೇಳಬೇಕು, ಏಕೆಂದರೆ ಲೀಪ್ ನಂತರದ ಬಸಿರಿನಲ್ಲಿ ಅವಧಿಗೆ ಮುಂಚೆ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ.

ಖರ್ಚಿನ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ, ರಕ್ತಪರೀಕ್ಷೆ, ಲೀಪ್ ಎಲ್ಲಕ್ಕೂ ಸೇರಿ ನಾನು ಕೊಟ್ಟದ್ದು ಕೆಲವೇ ನೂರು ರೂಪಾಯಿ. ಜೀಪು, ಖಾಸಗಿ ಬಸ್ಸು, ಊಟ, ಜೊತೆಗೆ ಬಂದವರ ಖರ್ಚು, ಆ ಖಾಸಗಿ ಚಿಕಿತ್ಸಾಲಯದ ಸಮಾಲೋಚನೆ ಮತ್ತು ಅಲ್ಲಿ ಬರೆದುಕೊಟ್ಟ ಸ್ಕ್ಯಾನಿಂಗ್, ಇವು ಅದರ ಹಲವು ಪಟ್ಟು. ನನಗೆ ರಜೆಯ ಸಂಬಳ ಸಿಕ್ಕಿತು. ದಿನಗೂಲಿಯ ಹೆಂಗಸಿಗೆ ಪ್ರತಿ ಭೇಟಿಯೂ ಒಂದು ದಿನದ ಕೂಲಿ, ಅದರ ಮೇಲೆ ನಾಲ್ಕು ವಾರ ಗೊಬ್ಬರದ ಚೀಲ, ಹಣ್ಣಿನ ಮೂಟೆ ಹೊರಬಾರದು ಎಂದರೆ ಆಕೆ ಏನು ಮಾಡಬೇಕು? ಈ ಪ್ರಶ್ನೆಗೆ ಆಸ್ಪತ್ರೆಯಲ್ಲಿ ಉತ್ತರವಿಲ್ಲ, ತೋಟದ ಮಾಲೀಕರ ಬಳಿ ಇದೆ. ನಮ್ಮ ಮಾಲೀಕರು ಚಿಕಿತ್ಸೆಯಾದವರಿಗೆ ಒಂದು ತಿಂಗಳು ನರ್ಸರಿಯಲ್ಲಿ ಕುಳಿತು ಮಾಡುವ ಕೆಲಸ ಕೊಡಲು ಒಪ್ಪಿದ್ದಾರೆ. ಇತರ ತೋಟಗಳಲ್ಲಿ ಲೆಕ್ಕ ಬರೆಯುವವರು, ಮೇಸ್ತ್ರಿಗಳು ದಯವಿಟ್ಟು ಈ ಮಾತನ್ನು ಎತ್ತಿ.

ಅಸ್ಸಾಮಿನ ಆ ಮಹಿಳೆ ಕೊಯ್ಲು ಮುಗಿದ ಕೂಡಲೇ ಊರಿಗೆ ಹೊರಟರು. ಅವರ ಪಡಿತರ ಚೀಟಿ ಇಲ್ಲಿಯದಲ್ಲ, ಶಕ್ತಿ ಯೋಜನೆ ಅವರಿಗೆ ಅನ್ವಯಿಸುವುದಿಲ್ಲ, ಕೊಟ್ಟ ಚೀಟಿಯ ಕನ್ನಡ ಅವರಿಗೆ ಓದಲು ಬರುವುದಿಲ್ಲ. ಹೊರಡುವ ಮುನ್ನ ಅವರ ಮಗನ ಮೊಬೈಲಿಗೆ ಚೀಟಿಯ ಫೋಟೊ ಕಳುಹಿಸಿ, ಆರೋಗ್ಯ ಅಧಿಕಾರಿಯಿಂದ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಸಿ ಕೊಟ್ಟೆವು. ಅಲ್ಲಿ ಪರೀಕ್ಷೆ ಆಗಿದೆಯೇ ಎಂದು ಕೇಳಿದಾಗಲೆಲ್ಲ ಇನ್ನೂ ಇಲ್ಲ ಎಂಬ ಉತ್ತರ ಬರುತ್ತಿದೆ. ಸಾವಿರಾರು ಕಾರ್ಮಿಕರು ಕಾಲಕ್ಕೆ ತಕ್ಕಂತೆ ಬಂದು ಹೋಗುವ ಈ ಜಿಲ್ಲೆಯಲ್ಲಿ, ಪಾಸಿಟಿವ್ ಬಂದವರಿಗೆ ಸಾಧ್ಯವಾದಷ್ಟೂ ಅದೇ ವಾರದಲ್ಲಿ, ಅದೇ ತಾಲ್ಲೂಕಿನಲ್ಲಿ ಚಿಕಿತ್ಸೆ ಮುಗಿಸುವ ವ್ಯವಸ್ಥೆ ಬೇಕು. ಥರ್ಮಲ್ ಅಬ್ಲೇಶನ್ ಉಪಕರಣ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬ್ಯಾಟರಿಯಿಂದ ನಡೆಯುವಂಥವೂ ಇವೆ. ಶಿಬಿರದೊಂದಿಗೆ ತೋಟಗಳಿಗೇ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ 2030ರೊಳಗೆ ತಲುಪಬೇಕೆಂದು ಇಟ್ಟಿರುವ ಗುರಿಯಲ್ಲಿ ಶೇಕಡಾ 90ರಷ್ಟು ಹುಡುಗಿಯರಿಗೆ ಲಸಿಕೆ, 70ರಷ್ಟು ಹೆಂಗಸರಿಗೆ ತಪಾಸಣೆ, ದೋಷ ಕಂಡವರಲ್ಲಿ 90ರಷ್ಟು ಮಂದಿಗೆ ಚಿಕಿತ್ಸೆ ಎಂದಿದೆ. ಕೊನೆಯ ಅಂಕಿಯನ್ನು ಮುಟ್ಟದಿದ್ದರೆ ಮಧ್ಯದ್ದು ಹೆಂಗಸರಿಗೆ ಭಯವನ್ನಷ್ಟೇ ಕೊಡುತ್ತದೆ.

ನನ್ನ ಹಿರಿಮಗಳಿಗೆ ಈಗ ಹನ್ನೆರಡು. ಎಚ್‌ಪಿವಿ ಲಸಿಕೆಯನ್ನು ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಹಾಕಿಸಿದರೆ ಹೆಚ್ಚು ಪ್ರಯೋಜನ. ವೈರಾಣು ತಗುಲುವ ಮೊದಲೇ ದೇಹ ಸಿದ್ಧವಾಗಿರುತ್ತದೆ. ಪುಣೆಯ ಸೀರಂ ಸಂಸ್ಥೆ 2023ರ ಜನವರಿಯಲ್ಲಿ ಬಿಡುಗಡೆ ಮಾಡಿದ ಸರ್ವಾವ್ಯಾಕ್ ನಮ್ಮ ದೇಶದಲ್ಲೇ ತಯಾರಾದ ಲಸಿಕೆ. ಈ ವಯಸ್ಸಿನವರಿಗೆ ಅದರ ಎರಡು ಡೋಸು, ಆರು ತಿಂಗಳ ಅಂತರದಲ್ಲಿ. ಈಗಾಗಲೇ ಇರುವ ಸೋಂಕನ್ನು ಲಸಿಕೆ ಗುಣಪಡಿಸುವುದಿಲ್ಲ, ಲಸಿಕೆ ಹಾಕಿಸಿಕೊಂಡವರೂ ಮೂವತ್ತರ ನಂತರ ತಪಾಸಣೆ ಮಾಡಿಸಿಕೊಳ್ಳಬೇಕು. ಮಗಳಿಗೆ ಮೊದಲ ಡೋಸು ಆಗಿದೆ. ಅತ್ತೆಯವರು ಮೊದಲು ಬೇಡ ಎಂದವರು, ಆ ದಿನ ಅವಳ ಜೊತೆ ತಾವೇ ಹೋದರು. ಎರಡನೆಯ ಡೋಸಿನ ದಿನಾಂಕವನ್ನೂ ನನ್ನ ಮರುತಪಾಸಣೆಯ ತಿಂಗಳನ್ನೂ ಆಶಾ ಅಕ್ಕ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ, ನಾನು ಹಾಜರಿ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟಿದ್ದೇನೆ. ಮುಂದಿನ ಕೊಯ್ಲಿಗೆ ಮೊದಲು, ಜನ ಊರಿಂದ ಬಂದು ಸೇರುವ ವಾರದಲ್ಲೇ ನಮ್ಮ ಲೈನಿನಲ್ಲಿ ಶಿಬಿರ ಇಡಬೇಕೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅರ್ಜಿ ಕೊಟ್ಟಿದ್ದೇವೆ.